ನೀರು ಕೊಡಲಾಯಿತು

ನಮ್ಮೂರ ಸಭೆಯಲ್ಲಿ ಯಾರಾದರೂ ಎದ್ದು ಮಾತಾಡುವಾಗ ತುಟಿ ಮಾತ್ರ ಆಡಿ ದನಿ ಕೇಳಿಸದೆ ಹೋದರೆ ಸಭೆಯ ಆಳು ಅಂಕಯ್ಯ ಹೋಗಿ ಅವರ ಕೈಗೆ ಒಂದು ಲೋಟ ನೀರು ಕೊಡುತ್ತಿದ್ದ. ಅವರು ಕುಡಿದು ಕೂತುಕೊಳ್ಳುತ್ತಿದ್ದರು, ನಾವು ಮುಂದಿನ ವಿಷಯಕ್ಕೆ ಹೋಗುತ್ತಿದ್ದೆವು. ಇದರಲ್ಲಿ ಅವಮಾನ ಅಂತೇನೂ ಇರಲಿಲ್ಲ. ಯಾವ ಮಾತಿಗೆ ಯಾರ ಕಿವಿ ಇನ್ನೂ ಒಗ್ಗಿಲ್ಲವೋ ಆ ಮಾತು ಅವರಿಗೆ ಕೇಳಿಸುವುದಿಲ್ಲ, ನಮ್ಮೂರು ಇರುವುದೇ ಹಾಗೆ. ಬರೆದುಕೊಟ್ಟರೂ ಅಷ್ಟೆ, ಖಾಲಿ ಹಾಳೆ ಕಾಣುತ್ತದೆ. ನನ್ನ ತಾತನ ಕಾಲದಲ್ಲಿ ಸಭೆಯಲ್ಲಿ ಹೆಂಗಸರಿಗೂ ಚಾಪೆ ಹಾಕಿ ಎಂದವರೊಬ್ಬರಿಗೆ ಇಪ್ಪತ್ತು ವರ್ಷ ನೀರು ಕುಡಿಸಿದ್ದರಂತೆ. ಈಗ ಹೆಂಗಸರು ಬಂದು ಕೂತರೆ ಗಂಡಸರಿಗೆ ಕಾಲು ಚಾಚಲು ಜಾಗವಿರುವುದಿಲ್ಲ. ಚಾಪೆ ಹಾಕಬೇಡಿ ಎಂದು ಯಾರಾದರೂ ಇವತ್ತು ಎದ್ದು ಹೇಳಿದರೆ ಅಂಕಯ್ಯ ಅವರಿಗೇ ಲೋಟ ಹಿಡಿಯುತ್ತಾನೆ.

ಸಭೆಯ ನಡಾವಳಿ ಬರೆಯುವವನು ನಾನು, ಕಲ್ಲೇಶಪ್ಪ. ಮೂವತ್ತು ವರ್ಷದಿಂದ ಬರೆಯುತ್ತಿದ್ದೇನೆ. ಅಕ್ಷರ ದುಂಡಗಿದೆ, ಯಾರೂ ಇದುವರೆಗೆ ತಪ್ಪು ತೆಗೆದಿಲ್ಲ. ಆದರೆ ಈ ಕಥೆ ನನ್ನ ಅಕ್ಷರದ್ದಲ್ಲ, ದೇವೀರಕ್ಕನದ್ದು. ನನ್ನ ಪಾಲು ಇದರಲ್ಲಿ ಇದೆ, ಅದು ಹೆಮ್ಮೆಪಡುವಂಥದ್ದಲ್ಲ. ಬಂದಾಗ ಹೇಳುತ್ತೇನೆ.

ದೇವೀರಕ್ಕ ಮುತ್ತುಗದ ಎಲೆ ಹಚ್ಚುವವಳು. ಊರಲ್ಲಿ ಯಾವ ಮದುವೆ, ಯಾವ ನಾಮಕರಣ ನಡೆದರೂ ಉಣ್ಣುವುದು ಅವಳ ಕೈ ಎಲೆಯ ಮೇಲೆ. ಗಂಡ ಬೇಗ ತೀರಿಕೊಂಡಿದ್ದ. ತಮ್ಮ ಚೆಲುವಯ್ಯನನ್ನು ಆರು ವರ್ಷದವನಿದ್ದಾಗಿನಿಂದ ಅವಳೇ ಬೆಳೆಸಿದ್ದು. ಚೆಲುವಯ್ಯ ಕೆಟ್ಟವನಲ್ಲ, ಆದರೆ ಯಾರು ಏನು ಕೇಳಿದರೂ ಹೂಂ ಅನ್ನುವ ಜಾಯಮಾನ. ಹೊಳೆಯಾಚೆಯ ಗೆಳೆಯನೊಬ್ಬನ ಮದುವೆಗೆ ದೊಡ್ಡ ಪಾತ್ರೆ ಬೇಕೆಂದಾಗ ನಮ್ಮೂರ ಕೊಪ್ಪರಿಗೆಯನ್ನೇ ಯಾರಿಗೂ ಹೇಳದೆ ದೋಣಿಗೆ ಹೇರಿಕೊಂಡು ಹೊರಟ. ನೂರಿಪ್ಪತ್ತು ಸೇರು ಅಕ್ಕಿ ಒಂದೇ ಸಲಕ್ಕೆ ಬೇಯುವ, ಹಿಡಿದೆತ್ತಲು ಪಕ್ಕದಲ್ಲಿ ಬಳೆಗಳಿದ್ದ ತಾಮ್ರದ ಕೊಪ್ಪರಿಗೆ ಅದು. ನಡುಹೊಳೆಯಲ್ಲಿ ದೋಣಿ ಮಗುಚಿತು. ಚೆಲುವಯ್ಯ ಈಜಿ ದಡ ಸೇರಿದ, ಕೊಪ್ಪರಿಗೆ ತಳ ಸೇರಿತು. ಊರ ಸ್ವತ್ತು ಕಳೆದವನನ್ನು ಹೊಳೆ ದಾಟಿಸುವುದು ನಮ್ಮಲ್ಲಿ ನಿಯಮ. ದಾಟಿದವನು ತಿರುಗಿ ಬರುವಂತಿಲ್ಲ, ಆಚೆಯವರು ಈಚೆ ಬಂದು ನೆಲೆಸುವಂತೆಯೂ ಇಲ್ಲ. ಹದಿನೈದು ವರ್ಷ ತುಂಬಿದ ದಿನ ಊರ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೇವೆ. ಆಮೇಲೆ ಅವನು ನಮ್ಮೂರಲ್ಲಿ ಹುಟ್ಟಿಯೇ ಇರಲಿಲ್ಲ ಅಂತ ಲೆಕ್ಕ. ಗೆರೆ ಎಳೆಯುವ ಕೆಲಸವೂ ನನ್ನದೇ.

ಚೆಲುವಯ್ಯನನ್ನು ದಾಟಿಸಬೇಕೆಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ಅಡುಗೆ ಹುಚ್ಚೀರಯ್ಯ. ಆ ಕೊಪ್ಪರಿಗೆ ಅವನಿಗೆ ಹೆಂಡತಿಗಿಂತ ಹೆಚ್ಚು. ಅದು ಹೋದ ಮೇಲೆ ಊರ ಊಟ ಹನ್ನೆರಡು ಸಣ್ಣ ಪಾತ್ರೆಗಳಲ್ಲಿ ಬೇಯತೊಡಗಿತು. ಒಂದು ಪಂಕ್ತಿಗೆ ಮುದ್ದೆಯಾದ ಅನ್ನ, ಇನ್ನೊಂದಕ್ಕೆ ಅರೆಬೆಂದ ಅನ್ನ. ಪ್ರತಿ ಮದುವೆಯಲ್ಲೂ ಹುಚ್ಚೀರಯ್ಯ ಸೌಟು ಬಡಿದು ಚೆಲುವಯ್ಯನಿಗೆ ಹಿಡಿಶಾಪ ಹಾಕುತ್ತಿದ್ದ. ಅಲ್ಲೇ ಮೂಲೆಯಲ್ಲಿ ಎಲೆ ಹಾಸುತ್ತಿದ್ದ ದೇವೀರಕ್ಕ ಅದನ್ನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳು.

ಸಭೆಯಲ್ಲಿ ಮಾತ್ರ ಸುಮ್ಮನಿರಲಿಲ್ಲ. ತಮ್ಮ ಹೋದ ತಿಂಗಳೇ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು, ಬಾಯಿ ತೆರೆದಳು, ತುಟಿ ಆಡಿತು. ನಮಗೆ ಕೇಳಿಸಿದ್ದು ಹೊರಗೆ ಯಾರೋ ಬಾವಿಯಿಂದ ನೀರು ಸೇದುವ ಸದ್ದು. ಅಂಕಯ್ಯ ಲೋಟ ಕೊಟ್ಟ, ಅವಳು ಕುಡಿದು ಕೂತಳು. ಸಭೆ ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ಬಂದು, "ಏನು ಬರ್ದೆ ತೋರ್ಸು" ಎಂದಳು. ಪುಸ್ತಕ ತಿರುಗಿಸಿ ತೋರಿಸಿದೆ. "ದೇವೀರಮ್ಮ ಎದ್ದರು. ನೀರು ಕೊಡಲಾಯಿತು. ಕುಳಿತರು." ಅವಳು ಎರಡು ಸಲ ಓದಿ, "ನಾನೇನು ನೀರು ಕುಡಿಯಕ್ಕೆ ಎದ್ದಿದ್ನಾ?" ಎಂದಳು. ನಾನು ಹೆಗಲು ಕುಣಿಸಿದೆ. ಕೇಳಿಸದ್ದನ್ನು ಬರೆಯಲು ಆಗುತ್ತದೆಯೇ? ಅವಳು ಏನು ಹೇಳಿರಬಹುದೆಂದು ಊರಿಗೆಲ್ಲ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಕೇಳಿಸುವುದು ಬೇರೆ. ಅವಳು ಹೇಳುತ್ತಿದ್ದದ್ದು ಒಂದೇ ಮಾತು, ಹೊಳೆ ದಾಟಿದವರು ಒಂದು ದಿನ ತಿರುಗಿ ಮನೆಗೆ ಬರಬಹುದು ಅಂತ ಆಗಲಿ.

ಮುಂದಿನ ತಿಂಗಳೂ ಎದ್ದಳು, ಅದರ ಮುಂದಿನ ತಿಂಗಳೂ ಎದ್ದಳು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅವಳು ಎದ್ದ ಕೂಡಲೇ ಜನ ಎಲೆಯಡಿಕೆ ಚೀಲ ಬಿಚ್ಚುವುದು ಅಭ್ಯಾಸವಾಗಿತ್ತು. ಹಾಕಿಕೊಂಡು ಮುಗಿಸುವ ಹೊತ್ತಿಗೆ ಅವಳದ್ದೂ ಮುಗಿಯುತ್ತಿತ್ತು. ನಾನು "ದೇವೀರಮ್ಮ ಎದ್ದರು" ಎಂಬ ಸಾಲನ್ನು ಸಭೆಗೆ ಮೊದಲೇ ಬರೆದಿಟ್ಟುಕೊಳ್ಳುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹಟ ಇದ್ದರೂ ಅವಳು ದಡ್ಡಿಯಲ್ಲ. ದೊಡ್ಡದು ಕೇಳಿಸುವುದಿಲ್ಲವಾದರೆ ಸಣ್ಣದು ಕೇಳಿಸುತ್ತದೋ ನೋಡೋಣ ಅಂದುಕೊಂಡು ಒಂದು ತಿಂಗಳು ಎದ್ದು, "ಹಬ್ಬಕ್ಕೆ ಹೊಳೆ ಆಚೆಗೆ ಒಂದು ಬುತ್ತಿ ಕಳ್ಸಬೋದಾ?" ಎಂದಳು. ಅದು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು! ಎಲೆಯಡಿಕೆ ಅಗಿಯುತ್ತಿದ್ದವರು ಬೆಚ್ಚಿಬಿದ್ದರು. ಅವಳ ದನಿ ಹೇಗಿರುತ್ತದೆಂದೇ ಸಭೆಗೆ ಮರೆತುಹೋಗಿತ್ತು. ಅಧ್ಯಕ್ಷ ಶಾಂತಪ್ಪನವರು ಗಡ್ಡ ಕೆರೆದು, ಬುತ್ತಿಯೇನು ಮನುಷ್ಯನಲ್ಲವಲ್ಲ, ಹೋಗಲಿ ಬಿಡಿ ಎಂದರು. ಆ ಹಬ್ಬಕ್ಕೆ ಅಂಬಿಗನ ಕೈಯಲ್ಲಿ ಒಂದು ಬುತ್ತಿ ಹೋಯಿತು. ಅದರ ಮುಂದಿನ ಹಬ್ಬಕ್ಕೆ ನಾಲ್ಕು ಬುತ್ತಿ ಹೋದವು. ಹೊಳೆ ದಾಟಿ ಹೋದವರ ಮನೆಗಳು ಊರಲ್ಲಿ ಇನ್ನೂ ಐದಾರು ಇದ್ದವು, ಅಷ್ಟು ದಿನ ಅವರ ಹೆಸರನ್ನು ಆ ಮನೆಯವರೇ ಎತ್ತುತ್ತಿರಲಿಲ್ಲ. ಈಗ ದಂಡೆಯಲ್ಲಿ ನಿಂತು, ನಿಮ್ಮ ಬುತ್ತಿಯಲ್ಲಿ ಏನಿಟ್ಟಿದ್ದೀರಿ, ನಮ್ಮದರಲ್ಲಿ ಕೋಡುಬಳೆ ಇಟ್ಟಿದ್ದೇವೆ ಎಂದು ಮಾತಾಡಿಕೊಳ್ಳತೊಡಗಿದರು.

ಬುತ್ತಿ ಕಟ್ಟಿದ ಬಟ್ಟೆ ತಿರುಗಿ ಬರುತ್ತಿತ್ತು. ಒಂದು ಸಲ ದೇವೀರಕ್ಕ ಹರುಕು ಬಟ್ಟೆಯಲ್ಲೇ ಕಟ್ಟಿ ಕಳಿಸಿದ್ದಳು. ಅದು ಒಗೆದು, ಮಡಿಸಿ, ಹರಿದ ಮೂಲೆಯಲ್ಲಿ ಸಣ್ಣಸಣ್ಣ ಹೊಲಿಗೆ ಹಾಕಿಸಿಕೊಂಡು ಬಂತು. ನಮ್ಮ ಕಡೆ ಯಾರೂ ಹಾಕದ ಹೊಲಿಗೆ, ಗೋಧಿ ತೆನೆ ಇಟ್ಟ ಹಾಗೆ. ದೇವೀರಕ್ಕ ಅದನ್ನು ನನಗೆ ತೋರಿಸಿ, "ನೋಡು ಕಲ್ಲೇಶಪ್ಪ, ಗುಂಡಿ ಹಾಕ್ಕೊಳಕ್ಕೆ ಬರ್ತಿರ್ಲಿಲ್ಲ ಇವ್ನಿಗೆ, ಹೊಲಿಗೆ ಕಲ್ತವ್ನೆ" ಎಂದು ಹಿಗ್ಗಿದಳು. ನಾನೂ ಹೌದಲ್ಲ ಎಂದೆ.

ಬುತ್ತಿ ಹೋಗತೊಡಗಿದ್ದೇನೋ ಸರಿ, ಆದರೆ ಮತ್ತೆ ತನ್ನ ಮೊದಲಿನ ಮಾತಿಗೆ ಬಂದರೆ ಮತ್ತೆ ಅದೇ ನೀರು. ಐದನೆಯ ವರ್ಷದ ಕೊನೆಗೆ ಅವಳಿಗೆ ತಲೆ ಕೆಟ್ಟುಹೋಯಿತು. ಆ ತಿಂಗಳು ಎದ್ದವಳು ಕೈ ಬೀಸಿ ಬೀಸಿ, ಕಣ್ಣು ಕೆಂಪು ಮಾಡಿಕೊಂಡು ಕಾಲುಗಂಟೆ ಮಾತಾಡಿದಳು. ಒಂದಕ್ಷರವೂ ಕೇಳಿಸಲಿಲ್ಲ, ಅಂಕಯ್ಯ ಎರಡು ಲೋಟ ತರಬೇಕಾಯಿತು. ಅವಳೇ ಆಮೇಲೆ ಎಷ್ಟೋ ವರ್ಷ ಕಳೆದು ನನಗೆ ಹೇಳಿದಳು, ಆ ದಿನ ಅಂದದ್ದು ಇಷ್ಟು, ಈ ಗಡಿಯೂ ಬೇಡ, ಈ ನಿಯಮವೂ ಬೇಡ, ಈ ಸಭೆಯೂ ಬೇಡ, ಶಾಂತಪ್ಪನನ್ನೇ ಹೊಳೆ ದಾಟಿಸಿ. ಮಾರನೆಯ ತಿಂಗಳು ಸಿಟ್ಟಿಳಿದು ಮತ್ತೆ ತನ್ನ ಹಳೆಯ ಮಾತನ್ನೇ ಮೆಲ್ಲಗೆ ಹೇಳಿದಳು. ಲೋಟ ಹಿಡಿದು ಹೊರಟ ಅಂಕಯ್ಯ ಅರ್ಧ ದಾರಿಯಲ್ಲಿ ನಿಂತುಬಿಟ್ಟ. ಕಾಲಿಗೆ ಏನೋ ಚುಚ್ಚಿದವನ ಹಾಗೆ ಕೆಳಗೆ ನೋಡಿದ, ಆಮೇಲೆ ಹೋಗಿ ನೀರು ಕೊಟ್ಟ. ನಾನು ಅದನ್ನು ಕಂಡೆ, ವಯಸ್ಸಾಯಿತು ಇವನಿಗೆ ಅಂದುಕೊಂಡೆ.

ಇನ್ನು ನನ್ನ ಪಾಲು. ಎಂಟನೆಯ ವರ್ಷ, ಬೇಸಗೆಯ ಸಭೆ. ನಾನು ರೂಢಿಯಂತೆ "ದೇವೀರಮ್ಮ ಎದ್ದರು" ಎಂದು ಬರೆದು ಲೇಖನಿ ಒರೆಸುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಕಿವಿಯ ಪಕ್ಕದಲ್ಲೇ ಹೇಳಿದಷ್ಟು ಸ್ಪಷ್ಟವಾಗಿ, "ಹೊಳೆ ದಾಟಿದೋರು ಒಂದಿನ ತಿರುಗಿ ಮನೆಗೆ ಬರಬೋದು ಅಂತ ಮಾಡಿ, ನಿಮ್ಮ ದಮ್ಮಯ್ಯ" ಎಂದು ಕೇಳಿಸಿತು. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಎಲ್ಲರೂ ಎಲೆಗೆ ಸುಣ್ಣ ಸವರುತ್ತಿದ್ದರು. ಕೇಳಿಸಿದ್ದು ನನಗೊಬ್ಬನಿಗೇ ಎಂದು ಖಾತ್ರಿಯಾಯಿತು. ಎದ್ದು ನಿಂತು ನನಗೆ ಕೇಳಿಸಿತು ಅಂದರೆ ಏನಾಗುತ್ತದೆ? ಇವನಿಗೇಕೆ ಕೇಳಿಸಿತು, ಇವನಿಗೂ ಚೆಲುವಯ್ಯನಿಗೂ ಏನು ನಂಟು, ಕೊಪ್ಪರಿಗೆ ಸಾಗಿಸುವಾಗ ಇವನೂ ಕೈ ಹಾಕಿದ್ದನೋ ಅನ್ನುತ್ತಾರೆ. ನನ್ನ ದುಂಡಗಿನ ಅಕ್ಷರದ ಕೆಲಸಕ್ಕೆ ಸಂಚಕಾರ ಬರುತ್ತದೆ. ಹೀಗೆಲ್ಲ ಯೋಚಿಸಿ "ನೀರು ಕೊಡಲಾಯಿತು" ಎಂದು ಬರೆದೆ. ಸಭೆ ಮುಗಿದ ಮೇಲೆ ಅವಳು ಬಂದು ಪುಸ್ತಕ ನೋಡಿದಾಗ ಮುಖ ಎತ್ತಲಿಲ್ಲ. ಹೀಗೆ ಒಂದು ಸಲವಲ್ಲ, ಏಳು ವರ್ಷ ಬರೆದೆ. ಪ್ರತಿ ತಿಂಗಳು ಕೇಳಿಸಿಕೊಂಡು, ಪ್ರತಿ ತಿಂಗಳು ನೀರು ಕೊಡಿಸಿದೆ.

ಈ ನಡುವೆ ಊರು ತನ್ನ ಪಾಡಿಗೆ ತಾನು ಬದಲಾಗುತ್ತಿತ್ತು. ಕೊಪ್ಪರಿಗೆ ಕಾಣದೆಯೇ ಬೆಳೆದ ಮಕ್ಕಳು ದೊಡ್ಡವರಾದರು, ಅವರಿಗೆ ಹನ್ನೆರಡು ಪಾತ್ರೆಯ ಊಟವೇ ಊಟ. ಬೀದಿಯ ಹುಡುಗಿಯರು ಆಡುವ ಕುಂಟಾಟದಲ್ಲಿ ಹಿಂದೆಲ್ಲ ಔಟಾದವಳು ಆಟ ಮುಗಿಯುವವರೆಗೆ ಗೋಡೆಗೆ ಒರಗಿ ನಿಲ್ಲಬೇಕಿತ್ತು. ಈಗ ಇಪ್ಪತ್ತು ಎಣಿಸಿ ತಿರುಗಿ ಬರುತ್ತಿದ್ದಳು. ಯಾರು ಕಲಿಸಿದರೋ ಗೊತ್ತಿಲ್ಲ. ಹುಚ್ಚೀರಯ್ಯನ ಶಾಪಗಳೂ ಗಿಡ್ಡವಾಗುತ್ತ ಬಂದವು. ಮೊದಲು ಚೆಲುವಯ್ಯನ ಏಳು ತಲೆಮಾರಿಗೆ ಬೈಯುತ್ತಿದ್ದವನು ಆಮೇಲೆ ಅವನೊಬ್ಬನನ್ನು ಬೈದು ಬಿಡುತ್ತಿದ್ದ, ಕೊನೆಕೊನೆಗೆ ಬರೀ ಅನ್ನವನ್ನು ಬೈಯುತ್ತಿದ್ದ.

ಆದರೂ ಸಭೆಯಲ್ಲಿ ನೀರು ನಿಲ್ಲಲಿಲ್ಲ. ಹದಿನೈದನೆಯ ವರ್ಷ ಬಂತು. ಆ ವರ್ಷದ ಕೊನೆಯ ಸಭೆಯ ಪಟ್ಟಿಯಲ್ಲಿ ಕಟ್ಟಕಡೆಯ ವಿಷಯ, ಚೆಲುವಯ್ಯನ ಹೆಸರಿಗೆ ಗೆರೆ ಎಳೆಯುವುದು. ಹಿಂದಿನ ದಿನವೇ ದೇವೀರಕ್ಕ ನಮ್ಮ ಮನೆಗೆ ಬಂದಳು. ಕೂರು ಎಂದರೆ ಕೂರಲಿಲ್ಲ. "ಶಾಯಿ ಕಲ್ಸಿದ್ಯಾ?" ಎಂದು ಕೇಳಿದಳು. ಕಲಸಿದ್ದೇನೆ ಎಂದೆ. "ಗೆರೆ ತೆಳ್ಳಗೆ ಎಳಿ. ಕೆಳಗೆ ಹೆಸ್ರು ಓದಕ್ಕಾದ್ರೂ ಆಗ್ಲಿ" ಎಂದು ಹೇಳಿ ಹೊರಟುಹೋದಳು. ನಾನು ಹೇಳಬೇಕಾದ ಮಾತು ಏಳು ವರ್ಷದಿಂದ ಗಂಟಲಲ್ಲೇ ಕೂತಿತ್ತು. ಆ ಮಾತು ಹೇಳಿದ್ದರೆ ಅವಳಿಗೆ ಖಂಡಿತ ಕೇಳಿಸುತ್ತಿತ್ತು.

ಮರುದಿನ ಸಭೆ ತುಂಬಿತ್ತು. ಗೆರೆ ಎಳೆಯುವ ದಿನ ಯಾರೂ ಮನೆಯಲ್ಲಿ ಉಳಿಯುವುದಿಲ್ಲ. ಕಾಲುವೆ ಹೂಳಿನ ವಿಷಯ, ಬೀದಿನಾಯಿಗಳ ವಿಷಯ ಮುಗಿದವು. ಶಾಂತಪ್ಪನವರು ಕೊನೆಯ ವಿಷಯ ಓದುವ ಮೊದಲೇ ದೇವೀರಕ್ಕ ಎದ್ದಳು. ಮೊದಲಿನ ಹಾಗೆ ಸೆರಗು ಸರಿಮಾಡಿಕೊಳ್ಳಲಿಲ್ಲ. ಹದಿನೈದು ವರ್ಷ ಯಾರಿಗೂ ಕೇಳಿಸದೆ ಹೇಳಿ ಹೇಳಿ ಮಾತಿನ ಮೇಲೆ ಅವಳಿಗೇ ಲಕ್ಷ್ಯ ಇಲ್ಲದಂತಾಗಿತ್ತು. ಕೇಳುವವರೇ ಇಲ್ಲದ ಮೇಲೆ ಸರಿಯಾಗಿ ಹೇಳಿದರೆಷ್ಟು, ತಪ್ಪು ಹೇಳಿದರೆಷ್ಟು! ದಣಿದ ದನಿಯಲ್ಲಿ, "ತಪ್ಪು ಮಾಡ್ದ, ಒಪ್ಕೋತೀನಿ. ನಾಲ್ಕು ಬಳೆ ಕೊಪ್ಪರಿಗೆ ಒಂದಕ್ಕೆ ಒಬ್ಬ ಮನುಷ್ಯನ ಹದಿನೈದು ವರ್ಷ ಸಾಕು ಕಣ್ರಪ್ಪಾ. ಅವನು ಮನೆಗೆ ಬರ್ಲಿ" ಎಂದಳು. ನನಗೆ ಪ್ರತಿ ಅಕ್ಷರ ಕೇಳಿಸಿತು. ಅಂಕಯ್ಯ ಲೋಟ ತುಂಬಿ ಹೊರಟ. ನಾನು ಲೇಖನಿ ಅದ್ದಿದೆ.

"ನಾಲ್ಕಲ್ಲ! ಎರಡು ಬಳೆ!"

ಹುಚ್ಚೀರಯ್ಯ ಎದ್ದು ನಿಂತಿದ್ದ. ಎರಡು ಬೆರಳು ಮೇಲೆತ್ತಿ ಹಿಡಿದಿದ್ದ. "ಮೂವತ್ತು ವರ್ಷ ಅದ್ರಲ್ಲಿ ಅನ್ನ ಮಾಡಿವ್ನಿ, ನಂಗೊತ್ತಿಲ್ವಾ? ಎರಡೇ ಬಳೆ ಇದ್ದದ್ದು!" ಎಂದು ಇನ್ನೂ ಗಟ್ಟಿಯಾಗಿ ಹೇಳಿ, ತಾನು ಏನು ಮಾಡಿದೆನೆಂದು ಹೊಳೆದು ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಹೆಂಗಸರ ಚಾಪೆಯಿಂದ ಅವನ ಅತ್ತಿಗೆ ಸಾವಂತ್ರಮ್ಮ, "ಎರಡು ಯಾವನಂದೋನು? ಮೂರಿದ್ವು, ಒಂದು ನನ್ನ ಮದ್ವೇಲಿ ಕಿತ್ತೋಯ್ತು" ಎಂದಳು. ಕಿತ್ತುಹೋದದ್ದು ಬಳೆಯಲ್ಲ, ಬಳೆಯ ಕೆಳಗಿನ ತಗಡು ಎಂದು ಇನ್ನೊಬ್ಬರು ಹೇಳಿದರು. ತಗಡು ಹಾಕಿದವರೇ ನಮ್ಮಪ್ಪ ಎಂದು ಮತ್ತೊಬ್ಬರು. ನಮ್ಮೂರವರು ಏನನ್ನು ಬೇಕಾದರೂ ಸಹಿಸುತ್ತಾರೆ, ಒಂದು ತಪ್ಪು ಲೆಕ್ಕವನ್ನು ತಿದ್ದದೆ ಬಿಡುವುದು ಮಾತ್ರ ಅವರ ಜೀವಕ್ಕೆ ಆಗದು. ನೋಡನೋಡುತ್ತ ಇಡೀ ಸಭೆ ಎರಡು ಬಳೆಯವರು, ಮೂರು ಬಳೆಯವರು ಎಂದು ಎರಡು ಪಕ್ಷವಾಯಿತು. ನಾಲ್ಕು ಬಳೆಯ ಪಕ್ಷದಲ್ಲಿ ಇದ್ದವಳು ದೇವೀರಕ್ಕ ಒಬ್ಬಳೇ, ಅವಳು ಬಾಯಿ ಬಿಟ್ಟುಕೊಂಡು ನಿಂತಿದ್ದಳು.

ಶಾಂತಪ್ಪನವರು ಮೇಜು ಬಡಿದರು. ಗದ್ದಲ ನಿಂತಿತು. "ಬಳೆ ವಿಷ್ಯ ಯಾರು ಎತ್ತಿದ್ದು?" ಎಂದು ಕೇಳಿದರು. "ದೇವೀರಮ್ಮ ಹೇಳಿದ್ದು ಯಾರಿಗೆ ಕೇಳಿಸ್ತು? ಕೈ ಎತ್ತಿ." ಒಂದು ಕೈಯೂ ಮೇಲೇಳಲಿಲ್ಲ. ಈಗಷ್ಟೇ ಬಳೆಗಾಗಿ ಜುಟ್ಟು ಹಿಡಿಯಲು ಹೊರಟಿದ್ದವರೆಲ್ಲ ನೆಲ ನೋಡುತ್ತಿದ್ದರು. ನಡುವೆ ಅಂಕಯ್ಯ ಒಬ್ಬ ಲೋಟ ಹಿಡಿದು ನಿಂತಿದ್ದ. ಎಲ್ಲರ ಕಣ್ಣೂ ಮೆಲ್ಲಗೆ ಅವನ ಮೇಲೆ ಹೋಯಿತು. ಅವನು ನೀರು ಕೊಟ್ಟುಬಿಟ್ಟರೆ ಮುಗಿಯಿತು, ಏನೂ ಆಗಿರಲಿಲ್ಲ ಅಂತ ಆಗುತ್ತಿತ್ತು. ಅಂಕಯ್ಯ ದೇವೀರಕ್ಕನನ್ನು ನೋಡಿದ, ಲೋಟ ನೋಡಿದ. ಆಮೇಲೆ ಅದನ್ನು ಎತ್ತಿ ಗಟಗಟ ತಾನೇ ಕುಡಿದುಬಿಟ್ಟ.

"ನಂಗೆ ಒಂಬತ್ತು ವರ್ಷದಿಂದ ಕೇಳಿಸ್ತಾ ಐತೆ ಸ್ವಾಮಿ" ಎಂದ ಬಾಯಿ ಒರೆಸಿಕೊಂಡು.

ನಾನು ಲೇಖನಿ ಕೆಳಗಿಟ್ಟೆ. ಎದ್ದು ನಿಂತೆ. "ನನಗೆ ಏಳು ವರ್ಷದಿಂದ" ಎಂದೆ. ಇಷ್ಟು ಹೇಳಲು ಏಳು ವರ್ಷ ಬೇಕಾಯಿತಲ್ಲ ಎಂದು ಅಳು ಬಂತು, ಅದರ ಜೊತೆಗೇ ಎದೆಯ ಮೇಲಿನ ಬೀಸುಕಲ್ಲು ಇಳಿಸಿಟ್ಟಷ್ಟು ಹಗುರವೂ ಆಯಿತು. ನನ್ನ ಹಿಂದೆ ಸಾವಂತ್ರಮ್ಮ ಐದು ವರ್ಷ ಎಂದಳು. ಯಾರೋ ಆರು ಎಂದರು. ಆಮೇಲೆ ಕೇಳಬೇಕೆ! ನನಗೆ ಹತ್ತು, ನನಗೆ ಹನ್ನೊಂದು, ನನಗೆ ಮೊದಲನೆಯ ದಿನವೇ ಕೇಳಿಸಿತ್ತು ಎಂದು ಶುರುವಾಯಿತು. ಸಭೆ ಮುಗಿಯುವ ಹೊತ್ತಿಗೆ ದೇವೀರಕ್ಕನ ಮಾತು ಕೇಳಿಸದೆ ಇದ್ದವರು ಊರಲ್ಲಿ ಯಾರೂ ಇರಲಿಲ್ಲ. ಶಾಂತಪ್ಪನವರಂತೂ ಇದು ತಮ್ಮ ತಂದೆಯವರ ಕಾಲದಿಂದಲೂ ತಮ್ಮ ಮನೆತನದ ಅಭಿಪ್ರಾಯ ಎಂದರು.

ದೇವೀರಕ್ಕ ಅಂಕಯ್ಯನನ್ನೇ ನೋಡುತ್ತಿದ್ದಳು. "ಒಂಬತ್ತು ವರ್ಷದಿಂದ ಕೇಳಿಸ್ತಿದ್ರೆ ನೀರ್ಯಾಕೋ ಕೊಟ್ಟೆ, ಪಾಪಿ?" ಎಂದಳು. ಅಂಕಯ್ಯ ತಲೆ ತಗ್ಗಿಸಿ, "ಮಿಕ್ಕೋರಿಗೆ ಕೇಳಿಸ್ತಿಲ್ಲ ಅಂದ್ಕೊಂಡೆ ಕಣಕ್ಕಾ. ಪಾಪ, ಅಷ್ಟು ಮಾತಾಡಿ ಬಾಯಾರಿರ್ತದೆ, ನೀರಾದ್ರೂ ಕುಡೀಲಿ ಅಂತ" ಎಂದ. ಅವಳು ನನ್ನ ಕಡೆ ತಿರುಗಿದಳು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಅವಳು ಏನೂ ಬೈಯಲಿಲ್ಲ, ಬಂದು ಕೆಂಪು ಶಾಯಿಯ ಕುಡಿಕೆಯ ಮೇಲೆ ಮುಚ್ಚಳ ಮುಚ್ಚಿದಳು. ಆಮೇಲೆ ನನ್ನ ಮೇಜಿಗೇ ತಲೆ ಒರಗಿಸಿ ಬಿಕ್ಕಿ ಬಿಕ್ಕಿ ಅತ್ತಳು.

ಎಂಟು ದಿನಕ್ಕೆ ಚೆಲುವಯ್ಯ ಬಂದ. ದಂಡೆಯಲ್ಲಿ ಊರಿಗೆ ಊರೇ ನೆರೆದಿತ್ತು. ತಲೆ ಅರ್ಧ ನರೆತಿತ್ತು, ಆದರೆ ದೋಣಿಯಿಂದ ಇಳಿಯುವಾಗ ಮೊದಲು ಎಡಗಾಲು ಇಡುವ ಅಭ್ಯಾಸ ಹೋಗಿರಲಿಲ್ಲ. ದೇವೀರಕ್ಕ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಗದ್ದ, ಕೆನ್ನೆ, ಕಿವಿ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಜನರನ್ನು ಸೀಳಿಕೊಂಡು ಹುಚ್ಚೀರಯ್ಯ ಮುಂದೆ ಬಂದ. "ಎಷ್ಟು ಬಳೆನೋ ಇದ್ದದ್ದು?" ಎಂದು ಕೇಳಿದ. ಚೆಲುವಯ್ಯ ತಡಬಡಿಸದೆ, "ಎರಡು ಕಣಣ್ಣ. ಮುಳುಗೋವಾಗ ಎರಡನ್ನೂ ಹಿಡ್ಕೊಂಡಿದ್ದೆ, ಕೈ ಜಾರ್ತು" ಎಂದ. ಹುಚ್ಚೀರಯ್ಯ ಊರಿನ ಕಡೆ ತಿರುಗಿ, ಕೇಳಿದಿರಾ ಎಂಬಂತೆ ನೋಡಿ, ಚೆಲುವಯ್ಯನ ಗಂಟನ್ನು ತಾನೇ ಹೊತ್ತುಕೊಂಡು ನಡೆದ.

ಅವತ್ತಿನ ಮಧ್ಯಾಹ್ನದ ಊಟಕ್ಕೆ ದೇವೀರಕ್ಕ ಅಂಕಯ್ಯನನ್ನೂ ನನ್ನನ್ನೂ ಕರೆದಿದ್ದಳು. ಹಸಿ ಮುತ್ತುಗದ ಎಲೆ, ಅವರೆಕಾಳು ಸಾರು, ಮುದ್ದೆ. ಚೆಲುವಯ್ಯ ನಾಲ್ಕು ತುತ್ತು ಉಂಡು ಕೈ ನಿಲ್ಲಿಸಿದ. ಅಕ್ಕನ ಮುಖ ನೋಡಿ ಏನೋ ಹೇಳಿದ. ಹೇಳಿದ ಎನ್ನುವುದು ನನ್ನ ಊಹೆ, ನಾವು ಕಂಡದ್ದು ಅವನ ತುಟಿ ಆಡಿದ್ದು ಮಾತ್ರ. ಅಂಕಯ್ಯನ ಕೈ ತಾನಾಗಿಯೇ ತಂಬಿಗೆಯ ಕಡೆ ಹೋಯಿತು. ದೇವೀರಕ್ಕ ಥಟ್ಟನೆ ಅವನ ಮಣಿಕಟ್ಟು ಹಿಡಿದಳು. ಹದಿನೈದು ವರ್ಷ ಹೇಳುವ ತುದಿಯಲ್ಲಿ ನಿಂತು ಗೊತ್ತಿದ್ದವಳಿಗೆ ಕೇಳುವ ತುದಿಯಲ್ಲಿ ಕೂತು ಗೊತ್ತಿರಲಿಲ್ಲ. "ನಂಗೂ ಕೇಳಿಸ್ಲಿಲ್ವಲ್ಲೋ" ಎಂದಳು ಅಂಕಯ್ಯನಿಗೆ, ಹೆದರಿದವಳ ಹಾಗೆ. ಆಮೇಲೆ ತಮ್ಮನ ಕಡೆ ತಿರುಗಿ, "ನೀರು ಬ್ಯಾಡ. ಇನ್ನೊಂದ್ಸಲ ಹೇಳು" ಎಂದಳು.

ಅವನು ಇನ್ನೊಂದು ಸಲ ಹೇಳಿದ. ಕೇಳಿಸಲಿಲ್ಲ. ಅವಳು ಮುಂದಕ್ಕೆ ಬಾಗಿ, ಮತ್ತೆ ಹೇಳು ಎಂದಳು. ಅವನು ಈ ಸಲ ಹೇಳುವ ಮೊದಲು ತನ್ನ ಗಂಟು ಬಿಚ್ಚಿ, ಮಡಿಸಿದ ಒಂದು ಅಂಗಿ ತೆಗೆದು ಅವಳ ಮುಂದೆ ಇಟ್ಟ. ಅಂಗಿಯ ಕೊರಳ ಸುತ್ತ ಗೋಧಿ ತೆನೆಯಂಥ ಹೊಲಿಗೆ ಇತ್ತು. ದೇವೀರಕ್ಕ ಎಡಗೈ ಬೆರಳಿನಿಂದ ಅದನ್ನು ಸವರಿದಳು. ಒಳಗೆ ಹೋಗಿ, ಗೂಟದ ಮೇಲಿದ್ದ ಹಳೆಯ ಬುತ್ತಿ ಬಟ್ಟೆ ತಂದು ಪಕ್ಕದಲ್ಲಿಟ್ಟು ನೋಡಿದಳು. ಎರಡೂ ಒಂದೇ ಕೈ. ಅಷ್ಟರಲ್ಲಿ ಸಾರು ಆರಿತ್ತು. "ಈಗ ಹೇಳು" ಎಂದಳು.

"ಅವಳೂ ಬರ್ಲಿ ಅಕ್ಕಾ" ಎಂದ ಚೆಲುವಯ್ಯ. "ಆಚೆಯೋಳು ಅಂತ ಬ್ಯಾಡ ಅನ್ಬೇಡ. ಹನ್ನೊಂದು ವರ್ಷದಿಂದ ನಿನ್ನ ಬುತ್ತಿ ಉಂಡು, ನಿನ್ನ ಬಟ್ಟೆ ಒಗ್ದು ಕಳಿಸ್ತಿರೋಳು ಅವಳೇ."

ದೇವೀರಕ್ಕನಿಗೆ ಕೇಳಿಸಿತು. ನನಗೂ ಕೇಳಿಸಿತು. ಅಂಕಯ್ಯನನ್ನು ನೋಡಿದರೆ ಅವನ ಕಣ್ಣಲ್ಲಿ ನೀರಿತ್ತು. "ಹೆಸ್ರೇನೋ?" ಎಂದಳು ದೇವೀರಕ್ಕ. ತೊರೆಯವ್ವ ಎಂದ. ನಮ್ಮ ಕಡೆ ಇಲ್ಲದ ಹೆಸರು. ಅವಳು ಅದನ್ನು ಎರಡು ಸಲ ಬಾಯಲ್ಲಿ ಹೇಳಿ ನೋಡಿ, "ಚೆನ್ನಾಗೈತೆ. ಉಣ್ಣು, ಸಾರು ಬಿಸಿ ಮಾಡಿ ತರ್ತೀನಿ" ಎಂದು ಎದ್ದಳು.

ಮುಂದಿನ ತಿಂಗಳ ಸಭೆಯಲ್ಲಿ ಚೆಲುವಯ್ಯ ಎದ್ದು ನಿಂತ. ತುಟಿ ಆಡಿತು. ಸಭೆಯಲ್ಲಿ ಎಲೆಯಡಿಕೆ ಚೀಲಗಳು ಬಿಚ್ಚಿಕೊಂಡವು. ಅಂಕಯ್ಯ ಲೋಟ ಮುಟ್ಟಲಿಲ್ಲ, ಕೈ ಎತ್ತಿದ. ದೇವೀರಕ್ಕ ಕೈ ಎತ್ತಿದಳು. ನಾನೂ ಎಡಗೈ ಎತ್ತಿ, ಬಲಗೈಯಲ್ಲಿ ಬರೆದೆ: "ಚೆಲುವಯ್ಯನವರು ತಮ್ಮ ಹೆಂಡತಿ ಊರಿಗೆ ಬರಲಿ ಎಂದು ಕೇಳಿದರು. ಮೂವರಿಗೆ ಕೇಳಿಸಿತು." ಓದಿದವರಿಗೆ ಇನ್ನೂ ಅಲ್ಲಿ ಖಾಲಿ ಜಾಗವೇ ಕಂಡೀತು, ಕಾಣಲಿ ಬಿಡಿ. ಶಾಯಿ ಆರಲೆಂದು ತಲೆ ಎತ್ತಿದೆ. ಹಿಂದಿನ ಸಾಲಿನಲ್ಲಿ ಹುಚ್ಚೀರಯ್ಯ, ಅತ್ತ ಇತ್ತ ನೋಡಿಕೊಂಡು, ತಲೆ ಕೆರೆದುಕೊಳ್ಳುವವನ ಹಾಗೆ ಮೆಲ್ಲಗೆ ಒಂದು ಕೈ ಮೇಲೆತ್ತುತ್ತಿದ್ದ. ಕೆರೆದುಕೊಳ್ಳಲಿಲ್ಲ, ಕೈ ಅಲ್ಲೇ ನಿಂತಿತು.

ಚೆಲುವಯ್ಯನ ಹೆಸರಿಗೆಂದು ಕಲಸಿಟ್ಟಿದ್ದ ಕೆಂಪು ಶಾಯಿ ಕುಡಿಕೆಯಲ್ಲಿ ಹಾಗೇ ಇತ್ತು. ಮುಚ್ಚಳ ತೆಗೆದು, "ಮೂವರಿಗೆ" ಎಂಬುದರ ಮೇಲೆ ತೆಳ್ಳಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ "ನಾಲ್ವರಿಗೆ" ಎಂದು ಬರೆದೆ.